ಬೇಸ್‌ಮೆಂಟಿನ ಹದಿನಾಲ್ಕು ಮೆಟ್ಟಿಲು

ಕಳೆದ ತಿಂಗಳು ಕ್ಲಿನಿಕ್ಕಿಗೆ ಹೊಸದಾಗಿ ಬಂದ ಅಜ್ಜಿಯೊಬ್ಬರು ಮಂಚದ ಮೇಲೆ ಕೂತು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡರು. ಎರಡೂ ಮೊಣಕಾಲಿಗೆ ಧಾರಾಳವಾಗಿ ನೀಲಗಿರಿ ಎಣ್ಣೆ ಸವರಿಕೊಂಡು ಬಂದಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ, ಕೇಳಬೇಕಾದ ಪ್ರಶ್ನೆ ನನಗೆ ಮರೆತುಹೋಯಿತು. "ಯಾಕಮ್ಮ, ವಾಸನೆ ಜಾಸ್ತಿ ಆಯ್ತಾ?" ಎಂದು ಅಜ್ಜಿ ಸಂಕೋಚಪಟ್ಟುಕೊಂಡರು. ಇಲ್ಲ ಎಂದೆ. ಕೈತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಒಂದು ನಿಮಿಷ ಗೋಡೆಗೆ ಒರಗಿ ನಿಂತೆ.

ನಾನು ಫಿಸಿಯೋಥೆರಪಿಸ್ಟ್. ಮೈಸೂರಿನವಳು. ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ ಒಬ್ಬಳೇ ಬಾಡಿಗೆ ಮನೆಯಲ್ಲಿದ್ದೇನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಬರುವವರನ್ನು ದಿನಾ ನೋಡುತ್ತೇನೆ. ಆದರೆ ನೀಲಗಿರಿ ಎಣ್ಣೆ ಎಂದರೆ ನನಗೆ ಒಬ್ಬರೇ... ನನ್ನ ಪಕ್ಕದ ಮನೆಯ ಅಂಕಲ್.

ಅವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೈಗಡಿಯಾರ ಜೋಡಿಸುವ ಕೆಲಸದಲ್ಲಿ ಮೂವತ್ತೆಂಟು ವರ್ಷ ಇದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದಳು. ಮಗಳಿಗೆ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಎರಡು ವರ್ಷ ಪಕ್ಕಪಕ್ಕದಲ್ಲಿದ್ದರೂ ಅಂಕಲ್ ಜೊತೆ ನನಗೆ ಮಾತಿನ ಬಳಕೆ ಇರಲಿಲ್ಲ. ಮಾತು ಶುರುವಾದದ್ದು ಎಲ್ಲರ ಬಾಗಿಲೂ ಮುಚ್ಚಿದ ಮೇಲೆ.

ಕೊರೊನಾ ಶುರುವಾದ ಇಪ್ಪತ್ತರ ಮಾರ್ಚ್ ಕೊನೆಗೆ ಅಕ್ಕ ಅಪ್ಪನನ್ನು ಮನೆಯ ಬೇಸ್‌ಮೆಂಟಿಗೆ ಸಾಗಿಸಿದರು. ದಿನಾ ಆಸ್ಪತ್ರೆಗೆ ಹೋಗಿ ಬರುವ ತನ್ನಿಂದ ಎಪ್ಪತ್ತೆಂಟು ವರ್ಷದ ಅಪ್ಪನಿಗೆ ಸೋಂಕು ತಗುಲಿಬಿಟ್ಟರೆ ಎಂಬ ಭಯ. ಕೆಳಗೆ ಮಂಚ, ಬಚ್ಚಲು, ಟೀವಿ ಎಲ್ಲ ಇತ್ತು. ಇಳಿಜಾರಿನ ಮನೆಯಾದ್ದರಿಂದ ಹಿತ್ತಿಲಿಗೆ ತೆರೆಯುವ ಗಾಜಿನ ಬಾಗಿಲೂ ಇತ್ತು. ಮೂರು ಹೊತ್ತೂ ಅಕ್ಕ ಒಳಮೆಟ್ಟಿಲ ತುದಿಯಲ್ಲಿ ತಟ್ಟೆ ಇಟ್ಟು, ಬಾಗಿಲು ತಟ್ಟಿ ದೂರ ಸರಿಯುವುದು, ಅಂಕಲ್ ಹತ್ತಿ ಬಂದು ತಟ್ಟೆ ಎತ್ತಿಕೊಂಡು ಇಳಿಯುವುದು. ಎರಡು ವಾರಕ್ಕೆಂದು ಹೋದವರು ವರ್ಷ ಕಳೆದರೂ ಅಲ್ಲೇ ಇದ್ದರು.

ನನ್ನ ಸ್ಥಿತಿಯೂ ಬೇರೆಯಾಗಿರಲಿಲ್ಲ. ಕ್ಲಿನಿಕ್ ವಾರಕ್ಕೆ ಎರಡೇ ದಿನ ತೆರೆಯುತ್ತಿತ್ತು. ಕೆಲಸ ಹೋದರೆ ಎರಡು ತಿಂಗಳೊಳಗೆ ದೇಶ ಬಿಡಬೇಕು. ಬಿಡೋಣವೆಂದರೆ ವಿಮಾನವಿಲ್ಲ. ಪಾಸ್‌ಪೋರ್ಟಿನಲ್ಲಿದ್ದ ವೀಸಾದ ಮುದ್ರೆಯ ಅವಧಿ ಹಿಂದಿನ ವರ್ಷವೇ ಮುಗಿದಿತ್ತು. ಇಲ್ಲಿರುವುದಕ್ಕೆ ಕಾಗದ ಸರಿಯಿತ್ತು, ಆದರೆ ಒಮ್ಮೆ ಹೊರಗೆ ಹೋದರೆ ಹೊಸ ಮುದ್ರೆ ಬೀಳದೆ ಒಳಗೆ ಬರುವಂತಿರಲಿಲ್ಲ. ಮುದ್ರೆ ಒತ್ತುವ ಕಚೇರಿಗಳು ಮುಚ್ಚಿದ್ದವು.

ಒಂದು ಸಂಜೆ ನಾನು ಹಿತ್ತಿಲ ಕಡೆಯ ಮರದ ಜಗಲಿ, ಡೆಕ್ಕಿನಲ್ಲಿ ಅಮ್ಮನ ಜೊತೆ ಫೋನಿನಲ್ಲಿದ್ದೆ. ಕೆಳಗೆ, ಆ ಗಾಜಿನ ಬಾಗಿಲಿನ ಮುಂದೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅಂಕಲ್ ಒಂದು ಗೋಡೆಗಡಿಯಾರ ಬಿಚ್ಚಿಕೊಂಡಿದ್ದರು. ನಾನು ಫೋನಿಟ್ಟ ಕೂಡಲೇ ತಲೆಯೆತ್ತದೆ ಕೇಳಿದರು.

"ಮೈಸೂರಾ ತಾಯಿ?"

"ಹೌದು ಅಂಕಲ್. ಹೇಗೆ ಗೊತ್ತಾಯ್ತು?"

"ಅಮ್ಮನ ಜೊತೆ ಜಗಳ ಆಡೋವಾಗ್ಲೂ ಎಷ್ಟು ನಿಧಾನಕ್ಕೆ ಮಾತಾಡ್ತೀಯಲ್ಲ, ಅದಕ್ಕೇ."

ಆಮೇಲೆ ಅದು ದಿನದ ರೂಢಿಯಾಯಿತು. ನಮ್ಮ ಹಿತ್ತಿಲುಗಳ ನಡುವೆ ಬೇಲಿ ಇರಲಿಲ್ಲ. ಹದಿನೈದು ಅಡಿ ದೂರದಲ್ಲಿ ಎರಡು ಕುರ್ಚಿ. ನಾನು ಫಿಸಿಯೋ ಎಂದು ತಿಳಿದ ಮೇಲೆ ಪ್ಯಾಂಟು ಮಡಚಿ ಮೊಣಕಾಲು ತೋರಿಸಿದರು. ನೀಲಗಿರಿ ಎಣ್ಣೆಯ ವಾಸನೆ ಹದಿನೈದು ಅಡಿ ದಾಟಿ ಬರುತ್ತಿತ್ತು. ತಟ್ಟೆ ಹಿಡಿದು ಮೆಟ್ಟಿಲು ಇಳಿಯುವಾಗ ಬಲಗಾಲು ನಡುಗುತ್ತದೆ ಎಂದರು. ತೊಡೆಯ ಸ್ನಾಯುವಿಗೆ ಎರಡು ವ್ಯಾಯಾಮ ಹೇಳಿಕೊಟ್ಟೆ. ಗಡಿಯಾರದ ಮನುಷ್ಯ... ಹತ್ತು ಸಲ ಎಂದರೆ ಹತ್ತೇ ಸಲ, ಒಂದು ಹೆಚ್ಚಲ್ಲ, ಕಡಿಮೆಯಲ್ಲ.

ಇಪ್ಪತ್ತೊಂದರ ಮೇ ತಿಂಗಳಲ್ಲಿ ಮೈಸೂರಿನಲ್ಲಿ ನನ್ನ ಅಪ್ಪ ಹೋದರು. ಆಸ್ಪತ್ರೆಯಲ್ಲಿ ಐದು ದಿನ, ಅಷ್ಟೇ. ನಾನು ಹೋಗುವ ಹಾಗಿರಲಿಲ್ಲ. ಹೋದರೆ ಯಾವಾಗ ಬರುತ್ತೇನೋ, ಬರುವಾಗ ಕೆಲಸ ಇರುತ್ತದೋ ಇಲ್ಲವೋ. "ನೀನು ಬರ್ಬೇಡ, ಬಂದ್ರೂ ನೋಡಕ್ಕೆ ಬಿಡಲ್ಲ" ಎಂದು ಅಮ್ಮನೇ ಹೇಳಿದಳು. ಫೋನಿನ ಪರದೆಯಲ್ಲಿ ಯಾರೋ ತೋರಿಸಿದ ಚಿತೆಯ ಹೊಗೆಯನ್ನು ನೋಡಿ ಹೊರಗೆ ಬಂದು ಡೆಕ್ಕಿನ ಮೆಟ್ಟಿಲ ಮೇಲೆ ಕೂತೆ. ಅಕ್ಕನಿಂದ ಸುದ್ದಿ ತಿಳಿದಿದ್ದ ಅಂಕಲ್ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದರು. ಹದಿನೈದು ಅಡಿ ಮೂರಡಿಯಾಯಿತು. ಅಷ್ಟು ಹತ್ತಿರ ಅವರು ಬಂದದ್ದು ಅದೇ ಮೊದಲು. ಕೂತು ತಮ್ಮ ಕಥೆ ಹೇಳಿದರು.

ಇಪ್ಪತ್ತಾರನೇ ವಯಸ್ಸಿನಲ್ಲಿ ಕಾರ್ಖಾನೆಯವರು ಅವರನ್ನು ತರಬೇತಿಗೆಂದು ಜಪಾನಿಗೆ ಕಳಿಸಿದ್ದರಂತೆ. ಬೆಟ್ಟಗಳ ನಡುವಿನ ಒಂದು ಸರೋವರದ ಊರು. ಗಡಿಯಾರದ ಬಿಡಿಭಾಗ ಮಾಡುವ ಚಿಕ್ಕ ಕಾರ್ಖಾನೆ. ಹೊರಗೆ ಹಿಮ. ಹಾಸ್ಟೆಲಿನ ಊಟದಲ್ಲಿ ಮೀನಿಲ್ಲದ ಪದಾರ್ಥ ಅನ್ನವೊಂದೇ. ಕರಾರು ಒಂದೂವರೆ ವರ್ಷದ್ದು, ನಡುವೆ ರಜೆಯಿಲ್ಲ. ನಾಲ್ಕನೇ ತಿಂಗಳಿಗೆ ತಂತಿ ಬಂತು. ಬೆಂಗಳೂರಿನಲ್ಲಿ ಅವರ ತಂದೆ ತೀರಿಕೊಂಡಿದ್ದರು. ತಂತಿ ಕೈಸೇರುವ ಹೊತ್ತಿಗೆ ಮೂರು ದಿನವಾಗಿತ್ತು.

"ಓಡಿಹೋಗೋಣ ಅನ್ನಿಸ್ತಮ್ಮ. ಎಲ್ಲಿಗೆ ಓಡ್ತೀಯ? ಸುತ್ತ ಬೆಟ್ಟ, ಬೆಟ್ಟದ ಆಚೆ ಸಮುದ್ರ" ಎಂದರು.

ಕೆಲಸ ಕಲಿಸುತ್ತಿದ್ದ ಜಪಾನಿ ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇವರಿಗೆ ಜಪಾನಿ ಬರುತ್ತಿರಲಿಲ್ಲ. ಆ ಭಾನುವಾರ ಮೇಷ್ಟ್ರು ಬಂದು, ಕೋಟು ಹಾಕಿಕೋ ಎಂದು ಸನ್ನೆ ಮಾಡಿ, ರೈಲಿನಲ್ಲಿ ಒಂದು ಗಂಟೆ ದೂರದ ಮತ್ಸುಮೊಟೊ ಎಂಬ ಊರಿಗೆ ಕರೆದುಕೊಂಡು ಹೋದರು. ಊರಿನ ನಡುವೆ ನೀರಿನ ಕಂದಕ, ಅದರೊಳಗೆ ಕಪ್ಪು ಮರದ ಕೋಟೆ. ನಾನೂರು ವರ್ಷದ ಹಿಂದಿನದು. ಒಳಗೆ ಏಣಿಯಂಥ ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಆರು ಅಂತಸ್ತು ಹತ್ತಿಸಿ, ತುದಿಯಲ್ಲಿ ಒಂದು ಕಿಟಕಿಯ ಮುಂದೆ ನಿಲ್ಲಿಸಿ, ಮೇಷ್ಟ್ರು ಹೊರಗೆ ಕೈ ತೋರಿಸಿದರು. ಅಲ್ಲಿ ಏನೂ ಇರಲಿಲ್ಲ. ಬರೀ ಮೋಡ.

"ಹಿಮದ ಬೆಟ್ಟದ ಸಾಲು ತೋರಿಸಬೇಕು ಅಂತ ಕರ್ಕೊಂಡು ಬಂದಿದ್ರು ಪಾಪ. ಕಾಣಲಿಲ್ಲ. ಅವ್ರಿಗೆ ಎಷ್ಟು ಬೇಜಾರಾಯ್ತು ಅಂದ್ರೆ, ತಪ್ಪು ತಮ್ಮದೇ ಅನ್ನೋ ಹಾಗೆ ನಂಗೆ ತಲೆ ಬಗ್ಗಿಸಿದ್ರು. ಆವಾಗ ನಾನು ಅತ್ತೆ ನೋಡು... ತಂತಿ ಬಂದಾಗ ಅತ್ತಿರಲಿಲ್ಲ."

ಆಮೇಲೆ ಮತ್ತೆ ಹೋಗಲು ಆಗಲೇ ಇಲ್ಲವಂತೆ. ಭಾನುವಾರಗಳೂ ಕೆಲಸಕ್ಕೆ ಹೋದವು, ಕರಾರು ಮುಗಿಯಿತು, ಮದುವೆ, ಸಂಸಾರ, ನಿವೃತ್ತಿ. ಮೇಷ್ಟ್ರು ತೀರಿಕೊಂಡೂ ಇಪ್ಪತ್ತು ವರ್ಷವಾಗಿತ್ತು. ಅಂಕಲ್ ಆ ಸಂಜೆ ನನಗೆ ಸಮಾಧಾನದ ಮಾತು ಒಂದೂ ಹೇಳಲಿಲ್ಲ. ಎದ್ದು ಹೋಗುವಾಗ ಮಾತ್ರ, "ನಾನು ಅಲ್ಲಿಗೆ ಇನ್ನೊಂದು ಸಲ ಹತ್ತಬೇಕು ಕಣಮ್ಮ. ಕಾಲು ರೆಡಿ ಮಾಡಿಕೊಡ್ತೀಯಾ?" ಎಂದು ಕೇಳಿದರು.

ಅಪ್ಪನಿಗೆ ಏನೂ ಮಾಡಲಾಗದ ನನಗೆ ಮಾಡಲು ಒಂದು ಕೆಲಸ ಸಿಕ್ಕಿತು.

ಕೋಟೆಯಲ್ಲಿ ಒಟ್ಟು ಸುಮಾರು ನೂರ ನಲವತ್ತು ಮೆಟ್ಟಿಲು ಎಂದು ಅವರು ಎಲ್ಲಿಂದಲೋ ತಿಳಿದುಕೊಂಡರು. ಬೇಸ್‌ಮೆಂಟಿನಲ್ಲಿ ಹದಿನಾಲ್ಕು. ಅಂದರೆ ಹತ್ತು ಸುತ್ತು. ಮೊದಲ ತಿಂಗಳು ಎರಡು ಸುತ್ತಿಗೇ ಏದುಸಿರು. ಲಸಿಕೆಯಾದ ಮೇಲೆ ನಾನು ಒಳಗೆ ಹೋಗಿ ನಿಂತು ಮಾಡಿಸತೊಡಗಿದೆ. ಕಂಬಿ ಹಿಡಿದು, ಆಮೇಲೆ ಒಂದು ಬೆರಳು ತಾಗಿಸಿ, ಆಮೇಲೆ ಹಿಡಿಯದೆ. ಕೋಟೆಯ ಮೆಟ್ಟಿಲು ಇನ್ನೂ ಎತ್ತರ ಎಂದು ಹಳೇ ಹಲಗೆಗಳಿಂದ ಅವರೇ ಒಂದು ಪೆಟ್ಟಿಗೆ ಹೊಡೆದರು, ಒಂದು ಅಡಿಗಿಂತ ಸ್ವಲ್ಪ ಎತ್ತರ. ಅದರ ಮೇಲೆ ಹತ್ತಿ ಇಳಿಯುವುದು. ಎಂಬತ್ತು ತುಂಬಿದ ದಿನ ಹತ್ತು ಸುತ್ತು ಮುಗಿಸಿ, ಮೇಲಿನ ಮೆಟ್ಟಿಲ ಮೇಲೆ ಕೂತು, "ಎಷ್ಟಾಯ್ತು ಟೈಮು?" ಎಂದರು. ಹನ್ನೊಂದು ನಿಮಿಷ ಎಂದೆ. "ಹತ್ತಕ್ಕೆ ತರ್ಬೇಕು" ಎಂದರು.

ಅಕ್ಕನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. "ಸುಮ್ನೆ ಆಸೆ ಹುಟ್ಟಿಸ್ತಿದೀಯಾ ನೀನು" ಎಂದು ಒಮ್ಮೆ ನನ್ನನ್ನು ಗ್ಯಾರೇಜಿನ ಬಳಿ ತಡೆದು ಹೇಳಿದರು. ಆಗ ಜಪಾನ್ ಹೊರಗಿನವರಿಗೆ ತೆರೆದೇ ಇರಲಿಲ್ಲ. ತೆರೆಯದಿದ್ದರೇ ಒಳ್ಳೆಯದು ಎಂದು ಅಕ್ಕನಿಗೆ ಅನ್ನಿಸಿದ್ದೀತು. ಅಂಕಲ್ ಅಷ್ಟರಲ್ಲಿ ಊಟಕ್ಕೆ ಮೇಲೆ ಬಂದು ಮಗಳ ಜೊತೆ ಕೂರುತ್ತಿದ್ದರು, ಆದರೆ ವಾಸ ಕೆಳಗೇ ಆಗಿಹೋಗಿತ್ತು. ಡ್ರೈವಿಂಗ್ ಬರದವರಿಗೆ ಇಲ್ಲಿ ಮನೆಯ ಹೊರಗೆ ಊರೇ ಇಲ್ಲ. ಯಾರಾದರೂ ಕರೆದೊಯ್ದರೆ ದೇವಸ್ಥಾನ, ಇಲ್ಲದಿದ್ದರೆ ಇಲ್ಲ. "ನನ್ನ ಮಗಳು ನನ್ನ ಚೆನ್ನಾಗಿ ನೋಡ್ಕೋತಾಳೆ. ಅದೇ ಕಷ್ಟ" ಎಂದು ಒಂದು ಸಲ ನಗುತ್ತ ಹೇಳಿದ್ದರು.

ಇಪ್ಪತ್ತೆರಡರ ಕೊನೆಗೆ ಜಪಾನ್ ತೆರೆಯಿತು. ಮರುವರ್ಷ ನನಗೂ ಒಂದು ಬಾಗಿಲು ತೆರೆಯಿತು. ಎಷ್ಟೋ ತಿಂಗಳಿಂದ ದಿನಾ ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂತು ಹುಡುಕುತ್ತಿದ್ದ ವೀಸಾ ಸಂದರ್ಶನದ ದಿನ ಚೆನ್ನೈನಲ್ಲಿ ಸಿಕ್ಕಿತು, ಡಿಸೆಂಬರಿನ ಆರಂಭಕ್ಕೆ. ಐದು ವರ್ಷದ ಮೇಲೆ ಅಮ್ಮನನ್ನು ನೋಡುವುದು. ಟೋಕಿಯೋ ಮೂಲಕ ಹೋಗುವ ವಿಮಾನವಿದೆ ಎಂದು ಅಂಕಲ್‌ಗೆ ಬಾಯಿತಪ್ಪಿ ಹೇಳಿದೆ. ಮರುದಿನವೇ ಅವರು ಹಾಳೆಯಲ್ಲಿ ಎಲ್ಲ ಬರೆದಿಟ್ಟಿದ್ದರು. ಟೋಕಿಯೋದಲ್ಲಿ ಇಳಿಯುವುದು, ರೈಲಿನಲ್ಲಿ ಎರಡೂವರೆ ಗಂಟೆ, ಮತ್ಸುಮೊಟೊದಲ್ಲಿ ಮೂರು ದಿನ. ಒಂದು ದಿನ ಮೋಡವಿದ್ದರೆ ಇನ್ನೊಂದು ದಿನಕ್ಕೆ. ಅಲ್ಲಿಂದ ಇಬ್ಬರೂ ಬೆಂಗಳೂರಿಗೆ. ಬೆಂಗಳೂರಿನಿಂದ ವಾಪಸು ಬರುವಾಗ ಅವರ ಅಣ್ಣನ ಮಗ ಜೊತೆಯಾಗುತ್ತಾನೆ. ತಪ್ಪು ಹಿಡಿಯಲು ಎಲ್ಲೂ ಜಾಗವಿರಲಿಲ್ಲ. ಸರಿ ಅಂಕಲ್, ಹೋಗೋಣ ಎಂದೆ.

ಆದರೆ ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅವರು ಅಲ್ಲಿ ಬಿದ್ದರೆ? ಜ್ವರ ಬಂದು ಆಸ್ಪತ್ರೆ ಸೇರಿದರೆ? ಅವರನ್ನು ಬಿಟ್ಟು ಹೊರಡಲಾಗುವುದಿಲ್ಲ. ಚೆನ್ನೈನ ದಿನ ತಪ್ಪಿದರೆ ಮತ್ತೆ ಯಾವಾಗಲೋ. ಮತ್ತೆ ಹೊರಗೇ ಉಳಿದು, ಕೆಲಸ, ಮನೆ, ಗ್ರೀನ್ ಕಾರ್ಡಿನ ಸರದಿ ಎಲ್ಲ ಕಳಚಿಹೋದರೆ... ಅಂಕಲ್ ಬೀಳುತ್ತಾರೆಂಬ ಭಯವಲ್ಲ ಅದು. ಅವರು ಬಿದ್ದರೆ ನನಗೇನಾಗುತ್ತದೆ ಎಂಬ ಭಯ.

ಆ ಭಾನುವಾರ ಅಕ್ಕ ನನ್ನನ್ನು ಊಟಕ್ಕೆ ಕರೆದರು. ಬಿಸಿಬೇಳೆಭಾತ್ ಮಾಡಿದ್ದರು. ಅಂಕಲ್ ತಮ್ಮ ಹಾಳೆಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದರು. ಊಟದ ನಡುವೆ ಅಕ್ಕ ಚಮಚ ಕೆಳಗಿಟ್ಟರು.

"ನೋಡು, ನಂಗೆ ಇದೆಲ್ಲ ಅರ್ಥ ಆಗಲ್ಲ. ನಿಂದು ಇದೇ ಪ್ರೊಫೆಷನ್. ಮೂರು ವರ್ಷದಿಂದ ನೀನೇ ನೋಡಿದೀಯಾ. ನಿಜ ಹೇಳು, ಅಪ್ಪನ ಕೈಲಿ ಆ ಮೆಟ್ಲು ಹತ್ತಿ ಇಳಿಯಕ್ಕಾಗತ್ತಾ?"

ಅದಕ್ಕೆ ಒಂದು ವಾರದ ಹಿಂದಷ್ಟೇ ನಾನು ಅವರನ್ನು ಪರೀಕ್ಷಿಸಿದ್ದೆ. ಒಂಟಿ ಕಾಲ ಮೇಲೆ ಹನ್ನೆರಡು ಸೆಕೆಂಡು ಅಲುಗಾಡದೆ ನಿಂತಿದ್ದರು. ಕ್ಲಿನಿಕ್ಕಿಗೆ ಬರುವ ಅರವತ್ತರ ಎಷ್ಟೋ ಜನಕ್ಕೆ ಅದು ಆಗುವುದಿಲ್ಲ. ಅಂಕಲ್ ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಆತಂಕವಿರಲಿಲ್ಲ, ಉತ್ತರ ಗೊತ್ತಿರುವ ವಿದ್ಯಾರ್ಥಿಯ ನೆಮ್ಮದಿ ಇತ್ತು.

"ರಿಸ್ಕ್ ಇದೆ ಅಕ್ಕ" ಎಂದೆ. "ಇಲ್ಲಿ ಪ್ರಾಕ್ಟೀಸ್ ಮಾಡೋದೇ ಬೇರೆ, ಅಲ್ಲಿ ಹತ್ತೋದೇ ಬೇರೆ. ಬ್ಯಾಲೆನ್ಸ್ ಇನ್ನೂ ಅಷ್ಟು ಗಟ್ಟಿ ಆಗಿಲ್ಲ. ನಾನಾಗಿದ್ರೆ ಕಳಿಸ್ತಿರ್ಲಿಲ್ಲ."

ಅಂಕಲ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಡಾಕ್ಟ್ರಮ್ಮ ಹೇಳಿದ್ಮೇಲೆ ಆಯ್ತಲ್ಲ. ಸ್ವಲ್ಪ ಮೊಸರು ಹಾಕು" ಎಂದರು ಮಗಳಿಗೆ. ಊಟ ಮುಗಿಸಿ, ಕೈತೊಳೆದು ಕೆಳಗೆ ಹೊರಟರು. ಎರಡು ವರ್ಷದಿಂದ ಮುಟ್ಟದಿದ್ದ ಕಂಬಿಯನ್ನು ಆ ದಿನ ಹಿಡಿದು ಇಳಿದರು.

ನಾನು ಒಬ್ಬಳೇ ಹೊರಟೆ. ಹೊರಡುವ ಮುಂಚೆ ಅಂಕಲ್, "ಟೋಕಿಯೋದಲ್ಲಿ ಹೇಗೂ ಇಳೀತೀಯಲ್ಲ, ಹೋಗಿ ಬಾ. ಯಾರಾದ್ರೂ ಹೋಗ್ಲಿ" ಎಂದಿದ್ದರು. ಹೋಗದೆ ಇರುವ ಧೈರ್ಯವಾಗಲಿಲ್ಲ.

ಮತ್ಸುಮೊಟೊ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ಊರು. ನವೆಂಬರಿನ ಕೊನೆಯ ಚಳಿ. ಸ್ಟೇಷನ್ನಿನಿಂದ ನೇರ ರಸ್ತೆಯಲ್ಲಿ ಕಾಲು ಗಂಟೆ ನಡೆದರೆ ಕಂದಕ, ಕಂದಕದ ನೀರಿನಲ್ಲಿ ದಪ್ಪ ದಪ್ಪ ಮೀನು, ಅದರಾಚೆ ಕಪ್ಪು ಕೋಟೆ. ಬೆಳಗ್ಗೆ ಬಾಗಿಲು ತೆರೆಯುತ್ತಲೇ ಒಳಗೆ ಹೋದೆ. ಚಪ್ಪಲಿಯನ್ನು ಒಂದು ಚೀಲದಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಮರದ ನೆಲ ಕಾಲುಚೀಲ ದಾಟಿ ಕೊರೆಯುತ್ತಿತ್ತು. ಮೂರನೇ ಅಂತಸ್ತಿಗೆ ಕಿಟಕಿಗಳಿಲ್ಲ. ಹೊರಗಿನ ಶತ್ರುವಿಗೆ ಕಾಣದಂತೆ ಸೈನಿಕರನ್ನು ಇರಿಸುತ್ತಿದ್ದ ಜಾಗವಂತೆ. ಕತ್ತಲಲ್ಲಿ ಕಂಬಗಳ ನಡುವೆ ಜನ ಮೆಲ್ಲಗೆ ಸರಿಯುತ್ತಿದ್ದರು. ಅದರ ಮೇಲಿನ ಅಂತಸ್ತಿನಲ್ಲಿ, ಅತಿ ಕಡಿದಾದ ಮೆಟ್ಟಿಲ ಬುಡದಲ್ಲಿ, ಸಾಲು ನಿಂತುಹೋಯಿತು. ಇಳಿಯುವವರು ಇಳಿದ ಮೇಲೆ ಹತ್ತುವವರ ಸರದಿ. ಮುಂದೆ ಹೋಗುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ನಾನು ಕಾದು ನಿಂತೆ.

ನನ್ನ ಮುಂದೆಯೇ ಒಬ್ಬ ಅಜ್ಜ ಇದ್ದರು. ಎಂಬತ್ತೈದು ದಾಟಿರಬೇಕು. ಮೊಣಕಾಲು ಹೊರಕ್ಕೆ ಬಾಗಿದ್ದವು, ಮೀನಖಂಡ ಸೊರಗಿತ್ತು. ನನ್ನ ಕೆಲಸವೇ ಕಾಲು ನೋಡುವುದು. ಅಂಕಲ್ ಕಾಲಿನ ಅರ್ಧ ಬಲವೂ ಆ ಕಾಲಿನಲ್ಲಿರಲಿಲ್ಲ. ಹಿಂದೆ ಅವರ ಮಗಳೋ ಸೊಸೆಯೋ ಒಬ್ಬಾಕೆ ಸೊಂಟದ ಪಟ್ಟಿ ಹಿಡಿದಿದ್ದಳು. ಸರದಿ ಬಂತು. ಅಜ್ಜ ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿದರು, ನಿಂತರು, ಉಸಿರು ತೆಗೆದುಕೊಂಡರು, ಇನ್ನೊಂದು ಹತ್ತಿದರು. ಯಾರೂ ಅವಸರ ಮಾಡಲಿಲ್ಲ. ಮೇಲಿದ್ದ ಕಾವಲಿನವನು ಬಗ್ಗಿ ಕೈಕೊಟ್ಟ. ಅಜ್ಜ ಮೇಲೆ ಹೋದರು.

ಅಷ್ಟೇ. ಅಷ್ಟೇ ಇದ್ದದ್ದು ಅದು.

ತುದಿಯ ಅಂತಸ್ತಿಗೆ ಹೇಗೆ ಹತ್ತಿದೆನೋ. ಪಶ್ಚಿಮದ ಕಿಟಕಿಯಲ್ಲಿ ಆ ಅಜ್ಜ ನಿಂತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಊರಿನ ಮಾಡುಗಳ ಆಚೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಹಿಮದ ಸಾಲು. ಆಕಾಶದಲ್ಲಿ ಮೋಡದ ಎಳೆಯೂ ಇರಲಿಲ್ಲ.

ಕೆಳಗಿಳಿದು ಕಂದಕದ ದಂಡೆಯ ಬೆಂಚಿನ ಮೇಲೆ ಕೂತು ಫೋನು ಮಾಡಿದೆ. ಅಲ್ಲಿ ಹಿಂದಿನ ದಿನದ ರಾತ್ರಿ ಊಟದ ಹೊತ್ತು. ಅಕ್ಕ ಫೋನನ್ನು ಅಪ್ಪನ ಕೈಗೆ ಕೊಟ್ಟರು.

"ಹತ್ತಿದ್ಯಾ?"

"ಹತ್ತಿದೆ ಅಂಕಲ್."

"ಮೆಟ್ಲು ಹೇಗಿದೆ ಈಗ?"

"ತುಂಬಾ ಕಡಿದು ಅಂಕಲ್. ನಂಗೇ ಕಷ್ಟ ಆಯ್ತು. ನೀವು ಬರ್ದೇ ಇದ್ದಿದ್ದು ಒಳ್ಳೇದೇ ಆಯ್ತು."

"ಬೆಟ್ಟ ಕಾಣ್ತಾ?"

ನನ್ನ ಫೋನಿನಲ್ಲಿ ಆಗಲೇ ಹದಿನೇಳು ಚಿತ್ರಗಳಿದ್ದವು. "ಇಲ್ಲ ಅಂಕಲ್. ಬರೀ ಮೋಡ."

"ನೋಡ್ದಾ!" ಅಂಕಲ್ ನಕ್ಕರು. "ನಂಗೂ ಹಂಗೇ ಆಗಿತ್ತು. ಬೇಜಾರು ಮಾಡ್ಕೋಬೇಡ."

ಅವರ ಮನಸ್ಸು ನೋಯದಿರಲಿ ಎಂದು ಸುಳ್ಳು ಹೇಳಿದೆ ಎಂದು ಆಗ ಅಂದುಕೊಂಡೆ. ಬೆಂಚಿನಿಂದ ಏಳಲು ಬಹಳ ಹೊತ್ತಾಯಿತು.

ಚೆನ್ನೈನಲ್ಲಿ ನನ್ನ ಕಾಗದಗಳು ಇನ್ನಷ್ಟು ಪರಿಶೀಲನೆಗೆ ಹೋದವು. ಎರಡು ವಾರವೆಂದು ಹೋದವಳು ಮೂರು ತಿಂಗಳು ಮೈಸೂರಿನಲ್ಲಿ ಕೂತೆ. ನಾನು ಹೆದರಿದ್ದ ಹಾಗೆಯೇ ಹೊರಗೆ ಉಳಿದೆ, ಅದರಲ್ಲಿ ಅಂಕಲ್ ಪಾಲು ಒಂದಿಷ್ಟೂ ಇರಲಿಲ್ಲ. ಅವರನ್ನು ಕರೆದುಕೊಂಡು ಹೋಗಿದ್ದರೂ ಇಷ್ಟೇ ಆಗುತ್ತಿತ್ತು. ಅಮ್ಮ, "ಇರ್ಲಿ ಬಿಡು, ನನ್ನ ಜೊತೆ ಇದ್ದ ಹಾಗಾಯ್ತು" ಎನ್ನುತ್ತಿದ್ದಳು. ಅಂಕಲ್‌ಗೆ ನಾನು ಫೋನು ಮಾಡಲಿಲ್ಲ. ಒಂದೆರಡು ಸಲ ಅವರೇ ಮಾಡಿದಾಗ ತಕ್ಷಣ ಅಮ್ಮನ ಕೈಗೆ ಕೊಟ್ಟುಬಿಟ್ಟೆ.

ಮಾರ್ಚಿನಲ್ಲಿ ವಾಪಸಾದೆ. ಅಕ್ಕ ವಿಮಾನ ನಿಲ್ದಾಣಕ್ಕೇ ಬಂದಿದ್ದರು. ಕಾರಿನಲ್ಲಿ ಹೇಳಿದರು, "ನೀನು ಹೋದ್ಮೇಲೆ ಅಪ್ಪ ಮೆಟ್ಲು ಹತ್ತೋದೇ ಬಿಟ್ಬಿಟ್ರು. ಊಟ ಕೆಳಗೇ ಕೊಡು ಅಂದ್ರು. ಈಗ ವಾಕರ್ ಬಂದಿದೆ."

ಬೇಸ್‌ಮೆಂಟಿಗೆ ಇಳಿದೆ. ಟೀವಿಯ ಮುಂದೆ ಕುರ್ಚಿಯಲ್ಲಿ ಕೂತಿದ್ದರು, ತೊಡೆ ಪ್ಯಾಂಟಿನೊಳಗೆ ಎಲ್ಲೋ ಕಳೆದುಹೋಗಿತ್ತು. ಎಂಬತ್ತು ದಾಟಿದವರ ಸ್ನಾಯು ಹೋಗಲು ಮೂರು ತಿಂಗಳು ಬೇಕಿಲ್ಲ, ಮೂರು ವಾರ ಸಾಕು. ಇದು ನನಗೆ ಗೊತ್ತಿರುವ ವಿಷಯ. "ಏಳಿ ಅಂಕಲ್, ಮತ್ತೆ ಶುರು ಮಾಡೋಣ" ಎಂದೆ.

"ಇನ್ನು ಯಾಕಮ್ಮ?" ಎಂದರು. ಸಿಟ್ಟಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು.

ನಾನು ನೆಲದ ಮೇಲೆ ಕೂತೆ. "ಅಂಕಲ್, ಅವತ್ತು ಮೋಡ ಇರ್ಲಿಲ್ಲ" ಎಂದೆ.

ಅವರು ಟೀವಿಯ ಸದ್ದು ಕಡಿಮೆ ಮಾಡಿದರು. ಬಯ್ಯುತ್ತಾರೆ ಎಂದು ಕಾದೆ, ಬಯ್ಯಲಿ ಎಂದು ಆಸೆಪಟ್ಟೆ. ಅವರು ಕಣ್ಣುಮುಚ್ಚಿಕೊಂಡು, "ಹಾಗಾದ್ರೆ ಹೇಳು. ಹೇಗಿತ್ತು?" ಎಂದರು.

ಫೋನು ತೆಗೆದು ತೋರಿಸಲು ಹೋದೆ. ಕೈಯಿಂದಲೇ ಬೇಡವೆಂದರು. "ಅದ್ರಲ್ಲಿ ಕಾಣಲ್ಲ ನಂಗೆ. ಬಾಯಲ್ಲಿ ಹೇಳು."

ಹೇಳಿದೆ. ಕಿಟಕಿ ಎಷ್ಟು ಚಿಕ್ಕದು, ಮಾಡುಗಳು ಎಲ್ಲಿಯವರೆಗೆ, ಅಲ್ಲಿಂದ ಮೊದಲು ಹಸಿರು ಗುಡ್ಡಗಳ ಒಂದು ಸಾಲು, ಅದರ ಹಿಂದೆ ನೀಲಿ ಸಾಲು, ಅದರ ಹಿಂದೆ ಬಿಳಿ. ನಡುವೆ ತ್ರಿಕೋನದಂಥ ಒಂದು ಶಿಖರ, ಅದರ ಬಲಕ್ಕೆ ಹಲ್ಲುಹಲ್ಲಾಗಿ ಇಳಿದ ಏಣು. ಬೆಳಗಿನ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಅವರು ನಡುನಡುವೆ ಪ್ರಶ್ನೆ ಕೇಳುತ್ತಿದ್ದರು. ಶಿಖರ ಎಡಕ್ಕೋ ಬಲಕ್ಕೋ? ಹಿಮ ಎಲ್ಲಿಯವರೆಗೆ ಇಳಿದಿತ್ತು? ಗಾಳಿ ಇತ್ತಾ? ಎಲ್ಲಕ್ಕೂ ಉತ್ತರ ಕೊಟ್ಟೆ. ಆ ಒಂದು ದಿನ ಮಾತ್ರ ನಾನು ಅವರಿಗೆ ಏನನ್ನೂ ಮುಚ್ಚಿಡಲಿಲ್ಲ.

"ಸರಿಯಾಗಿ ನೋಡಿದೀಯಾ" ಎಂದರು ಕೊನೆಗೆ. "ಮೇಷ್ಟ್ರು ತೋರಿಸಬೇಕು ಅಂತಿದ್ದಿದ್ದು ಅದನ್ನೇ."

"ಅಂಕಲ್, ಮೆಟ್ಲು ಕೂಡ..."

ಅವರ ಕೈ ನನ್ನ ತಲೆಯ ಮೇಲೆ ಬಂತು. ಒಣಗಿದ, ಹಗುರವಾದ ಕೈ. "ಅದು ಕಡಿದಾಗೇ ಇರ್ಲಿ ಬಿಡಮ್ಮ" ಎಂದರು.

ಅದೇ ವರ್ಷ ಎಲೆ ಉದುರುವ ಕಾಲಕ್ಕೆ ಅವರಿಗೆ ನ್ಯುಮೋನಿಯಾ ಆಯಿತು. ಓಡಾಟ ನಿಂತವರಿಗೆ ಕಫ ಎದೆಯಲ್ಲೇ ಕೂರುತ್ತದೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ನಾನು ದಿನಾ ಹೋಗುತ್ತಿದ್ದೆ. ಹತ್ತನೆಯ ದಿನ ಬೆಳಗ್ಗೆ ಅಕ್ಕನೇ ಫೋನು ಮಾಡಿದರು...

ನಾನು ಈಗಲೂ ಅದೇ ಮನೆಯಲ್ಲಿದ್ದೇನೆ. ಗ್ರೀನ್ ಕಾರ್ಡಿನ ಸರದಿ ಇನ್ನೂ ಬಂದಿಲ್ಲ, ಹೊಸ ಮುದ್ರೆಯ ಅವಧಿಯೂ ಮುಗಿಯುತ್ತ ಬಂತು. ಭಾನುವಾರ ಸಂಜೆ ಅಕ್ಕ, ನಾನು ಕಾಲೋನಿಯ ರಸ್ತೆಯಲ್ಲಿ ಒಂದು ಸುತ್ತು ನಡೆಯುವುದು ಅಭ್ಯಾಸವಾಗಿತ್ತು. ಅಪ್ಪನ ಮಾತು ಬಂದರೂ ಕೋಟೆಯ ಮಾತು ಎಂದೂ ಬಂದಿರಲಿಲ್ಲ. ಎಣ್ಣೆ ಹಚ್ಚಿಕೊಂಡ ಆ ಅಜ್ಜಿ ಕ್ಲಿನಿಕ್ಕಿಗೆ ಬಂದ ವಾರ ನಾವು ಹಾಗೆಯೇ ನಡೆಯುತ್ತಿದ್ದಾಗ ಅಕ್ಕ ತಾವಾಗಿಯೇ ಹೇಳಿದರು.

"ಅವತ್ತು ಊಟಕ್ಕೆ ಕರೆದಿದ್ನಲ್ಲ, ನೆನಪಿದ್ಯಾ? ನಂಗೆ ಕಳಿಸಕ್ಕೆ ಭಯ. ಆದ್ರೆ ಅಪ್ಪನ ಮುಖ ನೋಡಿ ಬೇಡ ಅನ್ನಕ್ಕೂ ಆಗ್ತಿರ್ಲಿಲ್ಲ. ನೀನು ಹೂಂ ಅಂದ್ರೆ ಧೈರ್ಯ ಬರತ್ತೆ, ಕಳಿಸ್ಬಿಡೋಣ ಅಂತಾನೇ ಕರೆದಿದ್ದು. ಪುಣ್ಯ, ನೀನು ನಿಜ ಹೇಳ್ದೆ."

ನಾನು ನಿಂತೆ. ಹನ್ನೆರಡು ಸೆಕೆಂಡಿನಿಂದ ಶುರುಮಾಡಿ ಆ ಅಜ್ಜನ ಕಾಲಿನವರೆಗೆ ಎಲ್ಲವನ್ನೂ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು. ತಿರುಗಿ, ಬಂದ ದಾರಿಯಲ್ಲೇ ಒಬ್ಬರೇ ನಡೆದುಹೋದರು.

ಅದಾಗಿ ನಾಲ್ಕು ಭಾನುವಾರಗಳಾದವು. ಅವರು ನಡೆಯಲು ಬರುತ್ತಿಲ್ಲ. ನಾನು ಹೋಗಿ ಬಾಗಿಲು ತಟ್ಟಿಲ್ಲ. ತಟ್ಟಿದರೆ ತೆರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕ್ಷಮಿಸಬಹುದಾಗಿದ್ದ ಮನುಷ್ಯ ಒಬ್ಬರೇ, ಅವರು ಕ್ಷಮಿಸಿ ಹೋಗಿಬಿಟ್ಟಿದ್ದಾರೆ. ನಾನು ಮಾತ್ರ ಇಲ್ಲೇ ಇದ್ದೇನೆ.